ಜರ್ಮನಿಗೆ ಹೊರಟವರು ವಾರಕ್ಕೊಂದು ಸಂಜೆ ತೆಗೆದಿಡಲಿ

ಮಾನ್ಯ ಸಂಪಾದಕರೇ,

ವಿದೇಶಕ್ಕೆ ಹೋಗುವವರಿಗೆಂದು ಕನ್ನಡ ಪತ್ರಿಕೆಗಳ ಪುರವಣಿಗಳಲ್ಲಿ ಬರುವ ಲೇಖನಗಳನ್ನು ಜರ್ಮನಿಯಲ್ಲಿ ಕೂತು ಓದುವವರಿಗೆ ಒಂದು ಕೊರತೆ ಎದ್ದು ಕಾಣುತ್ತದೆ. ವಿದ್ಯಾರ್ಥಿ ವೀಸಾಕ್ಕೆಂದು ತೆರೆಯುವ, ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು, ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು, ನುರಿತ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿಯಾದ ಬ್ಲೂ ಕಾರ್ಡಿಗೆ ಇಂತಿಷ್ಟು ಸಂಬಳ ಬೇಕು ಎಂಬುದೆಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಲೇಖನ ವಿಮಾನ ನಿಲ್ದಾಣದಲ್ಲೇ ಮುಗಿದುಹೋಗುತ್ತದೆ. ಇಳಿದ ಮೇಲೆ ಪಕ್ಕದ ಮನೆಯವರೊಂದಿಗೆ ಹೇಗಿರಬೇಕು, ವರ್ಷ ಕಳೆದರೂ ಜೊತೆಗೆ ಕೂತು ಕಾಫಿ ಕುಡಿಯಲು ಊರಿನವರು ಒಬ್ಬರೂ ಸಿಗಲಿಲ್ಲವಲ್ಲ ಏಕೆ ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಜರ್ಮನಿಯ ವಿಶ್ವವಿದ್ಯಾಲಯಗಳ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದೇ ಮೊದಲ ಸ್ಥಾನ. ಬೆಂಗಳೂರಿನ ಬಾಷ್, ಮರ್ಸಿಡಿಸ್, ಎಸ್‌ಎಪಿ ಕಚೇರಿಗಳಿಂದ ಸ್ಟುಟ್‌ಗಾರ್ಟ್, ವಾಲ್ಡೋರ್ಫ್ ಕಡೆಗೆ ಬರುವ ಕನ್ನಡಿಗರೂ ಕಡಿಮೆಯಿಲ್ಲ. ಅವರಿಗೆ ಉಪಯೋಗವಾಗಲೆಂದು ಈ ಪತ್ರ; ವಾರಕ್ಕೊಂದು ಸಂಜೆಯನ್ನು ಊರಿನ ಯಾವುದಾದರೂ ಸಂಘಕ್ಕೆ ತೆಗೆದಿಡಿ ಎಂಬುದೇ ಇದರ ತಿರುಳು. ಉದ್ದವಾಗಿದ್ದರೆ ಕತ್ತರಿಸಿ ಹಾಕಿ.

ಬರುವವರಲ್ಲಿ ಬಹುತೇಕರ ಲೆಕ್ಕಾಚಾರ ಒಂದೇ: ಮೊದಲು ಮನೆ, ಕಾಗದಪತ್ರ, ಕೆಲಸ, ಆಮೇಲೆ ಭಾಷೆ, ಅದಾದ ಮೇಲೆ ಸ್ನೇಹ. ಈ ಸಾಲು ತಲೆಕೆಳಗು ಎನ್ನುವುದೇ ನನ್ನ ಮುಖ್ಯ ತಕರಾರು. ಇಲ್ಲಿ ಒಳ್ಳೆಯ ಬಾಡಿಗೆ ಮನೆ ಎಷ್ಟೋ ಸಲ ಜಾಹೀರಾತಿಗೆ ಬರುವ ಮೊದಲೇ ಪರಿಚಯದವರ ಕೈಸೇರುತ್ತದೆ. ಹೊಸ ರೋಗಿಗಳನ್ನು ಯಾವ ವೈದ್ಯರು ತೆಗೆದುಕೊಳ್ಳುತ್ತಿದ್ದಾರೆ, ಯಾವ ಶಿಶುವಿಹಾರದಲ್ಲಿ ಜಾಗ ಖಾಲಿಯಾಗಲಿದೆ ಎಂಬುದೂ ಹಾಗೆಯೇ ಬಾಯಿಂದ ಬಾಯಿಗೆ ಬರುವ ಸುದ್ದಿ. ಭಾಷೆಯಂತೂ ತರಗತಿಯಲ್ಲಿ ಮೊಳಕೆಯೊಡೆದರೂ ಬೆಳೆಯುವುದು ಜನರ ನಡುವೆ. ಹಾಗಾಗಿ ಜನರ ಕೆಲಸವನ್ನು ಮೊದಲ ತಿಂಗಳಲ್ಲೇ ಶುರು ಮಾಡಬೇಕು. 'ಸೆಟಲ್ ಆದಮೇಲೆ ನೋಡೋಣ' ಎಂದುಕೊಂಡವರು ಎರಡು ವರ್ಷ ಕಳೆದ ಮೇಲೂ ನಾಲ್ಕು ಕನ್ನಡ ವಾಟ್ಸ್‌ಆ್ಯಪ್ ಗುಂಪುಗಳಲ್ಲೇ ಸೆಟಲ್ ಆಗಿರುತ್ತಾರೆ.

ಕಾಗದಪತ್ರದ ಬಗ್ಗೆ ಎಲ್ಲರೂ ಬರೆಯುವುದರಿಂದ ಎಡವುವ ಜಾಗಗಳನ್ನು ಮಾತ್ರ ಹೇಳುತ್ತೇನೆ. ಮನೆಗೆ ಹೊಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ, ಅಂದರೆ ಅನ್‌ಮೆಲ್ಡುಂಗ್, ಆಗಬೇಕು. ಅದಕ್ಕೆ 'ಇವರು ನನ್ನ ಮನೆಗೆ ಬಂದಿದ್ದಾರೆ' ಎಂದು ಮನೆಮಾಲೀಕರು ಸಹಿ ಮಾಡಿದ ಪತ್ರ ಬೇಕು. ಬಾಡಿಗೆ ಕಡಿಮೆ, ಆದರೆ ಅನ್‌ಮೆಲ್ಡುಂಗ್ ಮಾಡಿಸುವಂತಿಲ್ಲ ಎನ್ನುವ ಕೋಣೆ ಹೊಸಬರಿಗೆ ಉಪಯೋಗವಿಲ್ಲ. ಆ ನೋಂದಣಿಯಾಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ಅದಿಲ್ಲದೆ ಸಂಬಳದಲ್ಲಿ ಅತಿ ಹೆಚ್ಚು ತೆರಿಗೆ ಮುರಿಯುವ ಆರನೇ ವರ್ಗಕ್ಕೆ ಬೀಳುತ್ತೀರಿ. ಮನೆ ನೋಡುವ ಮೊದಲೇ ಮುಂಗಡ ಕಳಿಸಿ, ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದೆ ಎಂದವರು ಮೋಸಗಾರರು, ಅದರಲ್ಲಿ ಅನುಮಾನ ಬೇಡ. ಮುಂಗಡ ಠೇವಣಿ ಕಾನೂನಿನ ಪ್ರಕಾರ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಟಿವಿ ಇರಲಿ ಬಿಡಲಿ, ರೇಡಿಯೊ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೊ, ಇದು ತಲೆಗಲ್ಲ, ಮನೆಗೆ ಒಂದು. ನಾಲ್ವರು ಸೇರಿ ಇರುವ ಮನೆಯಲ್ಲಿ ನಾಲ್ವರೂ ಕಟ್ಟುತ್ತಿರುವುದುಂಟು.

ನಮ್ಮವರಿಗೇ ವಿಶೇಷವಾದ ಒಂದು ತೊಡಕು ಹೆಸರಿನದು. ಇನಿಷಿಯಲ್ ಬರೆದು ಬೆಳೆದ ನಮಗೆ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಇಲ್ಲಿ ಕುಟುಂಬದ ಹೆಸರಿಲ್ಲದೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಮೊದಲ ಕಚೇರಿಯಲ್ಲಿ ಯಾವ ಪದವನ್ನು ಕುಟುಂಬದ ಹೆಸರೆಂದು ಬರೆದುಕೊಂಡರೋ ಅದನ್ನೇ ಬ್ಯಾಂಕು, ವಿಮೆ, ಕಚೇರಿ, ಎಲ್ಲ ಕಡೆ ಒಂದೇ ಅಕ್ಷರದಲ್ಲಿ ಬರೆಸಿ. ಅದೇ ಹೆಸರು ಅಂಚೆ ಪೆಟ್ಟಿಗೆಯ ಮೇಲೂ, ಕರೆಗಂಟೆಯ ಮೇಲೂ ಇರಬೇಕು. ಇಲ್ಲಿ ವಿಳಾಸಕ್ಕೆ ಮನೆ ನಂಬರ್ ಇರುವುದಿಲ್ಲ, ಕಟ್ಟಡದ ನಂಬರ್ ಮಾತ್ರ. ಅಂಚೆಯವರು ಹುಡುಕುವುದು ಹೆಸರನ್ನು. ಬ್ಯಾಂಕಿನ ಪಿನ್, ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಇವೆಲ್ಲ ಕಾಗದದಲ್ಲೇ ಬರುವಂಥವು. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಷ್ಟೂ ವಾಪಸ್ ಹೋಗುತ್ತವೆ. ಮಾಲೀಕರು ಫಲಕ ಹಾಕುವವರೆಗೆ ಕಾಗದದ ಚೂರಿನಲ್ಲಿ ಬರೆದು ಟೇಪ್ ಅಂಟಿಸಿದರೂ ಸಾಕು, ಅದೂ ಮೊದಲ ದಿನವೇ.

ಇನ್ನು ಮನೆಯ ಸುತ್ತಲಿನ ಜನ. ನಮ್ಮಲ್ಲಿ ಹೊಸ ಸಂಸಾರ ಬಂತೆಂದರೆ ಅಕ್ಕಪಕ್ಕದವರೇ ಬಂದು 'ನೀರು ಬರ್ತಿದೆಯಾ, ಹಾಲಿನವನು ಬೇಕಾ' ಎಂದು ಕೇಳುತ್ತಾರೆ. ಇಲ್ಲಿ ಪದ್ಧತಿ ತಿರುಗುಮುರುಗು: ಹೊಸದಾಗಿ ಬಂದವರೇ ಹೋಗಿ ಪರಿಚಯ ಹೇಳಿಕೊಳ್ಳಬೇಕು. ಯಾರೂ ಮಾತಾಡಿಸಲಿಲ್ಲವೆಂದು ಬೇಸರಪಟ್ಟುಕೊಂಡು ಕೂತವರಿಗೆ, ಎದುರು ಮನೆಯವರೂ ಅದನ್ನೇ ಅಂದುಕೊಂಡಿರುತ್ತಾರೆ ಎಂಬುದು ಹೊಳೆಯುವುದೇ ಇಲ್ಲ. ಮೊದಲ ಎರಡು ವಾರದೊಳಗೆ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೋ ವಾರದ ದಿನ ಸಂಜೆ ಆರಕ್ಕೋ, ನಿಮ್ಮ ಮಹಡಿಯ ಮತ್ತು ಮೇಲೆ-ಕೆಳಗಿನ ಮನೆಗಳ ಗಂಟೆ ಒತ್ತಿ ಹೆಸರು ಹೇಳಿ, ಎಲ್ಲಿಂದ ಬಂದಿರಿ, ಏನು ಮಾಡುತ್ತೀರಿ ಎಂದು ತಿಳಿಸಿ. ಎರಡು ನಿಮಿಷದ ಕೆಲಸ. ಒಳಗೆ ಕರೆಯಲಿಲ್ಲವೆಂದರೆ ಅವಮಾನವಲ್ಲ. ಬಾಗಿಲಲ್ಲೇ ಮಾತು ಮುಗಿಸುವುದು ಇಲ್ಲಿ ಸಹಜ.

ಆಮೇಲಿನ ಬಳಕೆಗೆ ಪಾರ್ಸೆಲ್ಲೇ ದೊಡ್ಡ ದಾರಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅಂಚೆಯವರು ಪಾರ್ಸೆಲನ್ನು ಪಕ್ಕದವರಿಗೆ ಕೊಟ್ಟು ಚೀಟಿ ಹಾಕಿ ಹೋಗುತ್ತಾರೆ. ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಇತರರ ಪಾರ್ಸೆಲ್ ಇಟ್ಟುಕೊಳ್ಳುವವರಿಗೆ ಇಡೀ ಕಟ್ಟಡ ಮೂರು ತಿಂಗಳಲ್ಲಿ ಪರಿಚಯವಾಗುತ್ತದೆ. ಎರಡನೆಯದು ಬೀಗದ ಕೈ. ಇಲ್ಲಿನ ಬಾಗಿಲು ಎಳೆದುಕೊಂಡರೆ ಸಾಕು, ಹೊರಗಿನಿಂದ ಕೀಲಿಯಿಲ್ಲದೆ ತೆರೆಯದು. ಕಸ ಹಾಕಲು ಹೋಗಿ ಹೊರಗುಳಿದವರು ಭಾನುವಾರ ಬೀಗ ತೆರೆಯುವವರನ್ನು ಕರೆದರೆ ಬಿಲ್ ನೂರಾರು ಯೂರೊ. ನಂಬಿಕೆ ಹುಟ್ಟಿದ ಮೇಲೆ ಒಂದು ಹೆಚ್ಚುವರಿ ಕೀಲಿಯನ್ನು ಪಕ್ಕದವರ ಬಳಿ ಇಡಿ, ಅವರು ರಜೆಗೆ ಹೋದಾಗ ಗಿಡಗಳಿಗೆ ನೀರು ಹಾಕುವುದಾಗಿ ನೀವೂ ಹೇಳಿ. ಕಟ್ಟಡದ ಪ್ರಧಾನ ಬಾಗಿಲಿನ ಕೀಲಿ ಕಳೆದರೆ ಎಲ್ಲ ಮನೆಗಳ ಬೀಗವನ್ನೂ ಬದಲಿಸಬೇಕಾಗಬಹುದು. ಅದರ ಖರ್ಚು ಕಳೆದವರ ತಲೆಗೆ. ಹಾಫ್ಟ್‌ಪ್ಲಿಖ್ಟ್ ಎನ್ನುವ, ನಮ್ಮಿಂದ ಇತರರಿಗಾದ ನಷ್ಟ ತುಂಬಿಕೊಡುವ ಖಾಸಗಿ ಹೊಣೆ ವಿಮೆಯಲ್ಲಿ 'ಕೀಲಿ ನಷ್ಟ' ಸೇರಿದೆಯೇ ಎಂದು ನೋಡಿಯೇ ಕೊಳ್ಳಿ.

ನೆರೆಹೊರೆ ಕೆಡುವುದು ದೊಡ್ಡ ಜಗಳದಿಂದಲ್ಲ, ಸದ್ದು ಮತ್ತು ಕಸದಿಂದ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿರಕೂಡದು. ಭಾನುವಾರ ಇಡೀ ದಿನ ಡ್ರಿಲ್, ಸುತ್ತಿಗೆ ಬೇಡ. ಕೆಲವು ಕಟ್ಟಡಗಳ ನಿಯಮದಲ್ಲಿ ಮಧ್ಯಾಹ್ನ 1ರಿಂದ 3ರವರೆಗೂ ಸದ್ದು ಮಾಡುವಂತಿಲ್ಲ. ಮಿಕ್ಸಿಯಲ್ಲಿ ದೋಸೆಗೆ ರುಬ್ಬುವ ಕಾರ್ಯಕ್ರಮವನ್ನು ಶನಿವಾರ ಸಂಜೆಯೊಳಗೆ ಮುಗಿಸುವುದು ಒಳ್ಳೆಯದು. ಗಾಜಿನ ಸೀಸೆಗಳನ್ನು ಬೀದಿಯ ಡಬ್ಬಗಳಿಗೆ ಬಿಳಿ, ಹಸಿರು, ಕಂದು ಎಂದು ಬೇರ್ಪಡಿಸಿ ಹಾಕಬೇಕು, ಭಾನುವಾರ ಅದೂ ಇಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿ, ಕ್ಯಾನುಗಳ ಮೇಲೆ 25 ಸೆಂಟ್ ಠೇವಣಿ ಇರುವುದರಿಂದ ಅವನ್ನು ಕಸಕ್ಕೆ ಹಾಕದೆ ಅಂಗಡಿಯ ಯಂತ್ರಕ್ಕೆ ವಾಪಸ್ ಕೊಡುವುದು. ಹಸಿಕಸದ ಡಬ್ಬದಲ್ಲಿ ಪ್ಲಾಸ್ಟಿಕ್ ಚೀಲ ಸಿಕ್ಕರೆ ಡಬ್ಬವನ್ನೇ ಎತ್ತದೆ ಬಿಟ್ಟುಹೋಗುತ್ತಾರೆ, ಆಗ ಕಟ್ಟಡದವರೆಲ್ಲರ ಕಣ್ಣು ಹೊಸಬರ ಮೇಲೆ. ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯೂ ಇದೆ: ಬಾಗಿಲಿಗೆ ಒಂದು ಫಲಕ ತೂಗುಹಾಕಿದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು. ಮುಗಿದ ಮೇಲೆ ಫಲಕವನ್ನು ಮುಂದಿನ ಮನೆಯ ಬಾಗಿಲಿಗೆ ಹಾಕಬೇಕು. ಮೆಟ್ಟಿಲು ಎಷ್ಟು ಫಳಫಳಿಸಿತು ಎಂಬುದಕ್ಕಿಂತ, ಸರದಿ ತಪ್ಪಿಸಲಿಲ್ಲ ಎಂಬುದನ್ನು ಜನ ನೆನಪಿಡುತ್ತಾರೆ.

ಮನೆಯಲ್ಲಿ ಹತ್ತು ಜನ ಸೇರುವ ಹಬ್ಬವಿದ್ದರೆ ಮೂರು ದಿನ ಮುಂಚೆ ಮೆಟ್ಟಿಲ ಬಳಿ ಚೀಟಿ ಅಂಟಿಸಿ: ಯಾವ ದಿನ, ಎಷ್ಟು ಗಂಟೆವರೆಗೆ, ತೊಂದರೆಯಾದರೆ ಕರೆಯಲು ಫೋನ್ ನಂಬರ್. 'ನೀವೂ ಬನ್ನಿ' ಎಂದೊಂದು ಸಾಲು ಸೇರಿಸಿದರೆ ಒಬ್ಬಿಬ್ಬರು ಬಂದೇ ಬರುತ್ತಾರೆ.

ಅಡುಗೆಮನೆಯ ಬಗ್ಗೆ ಒಂದು ಮಾತು, ಏಕೆಂದರೆ ಮಾಲೀಕರೊಂದಿಗಿನ ಮನಸ್ತಾಪ ಬಹಳ ಸಲ ಅಲ್ಲಿಂದಲೇ ಶುರು. ಇಲ್ಲಿನ ಎಷ್ಟೋ ಮನೆಗಳ ಚಿಮಣಿ ಹೊಗೆಯನ್ನು ಹೊರಗೆ ಬಿಡುವುದಿಲ್ಲ; ಇದ್ದಿಲ ಫಿಲ್ಟರಿನಲ್ಲಿ ಸೋಸಿ ಮತ್ತೆ ಒಳಗೇ ಊದುತ್ತದೆ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಅದಕ್ಕೆ ಜಗ್ಗುವುದಿಲ್ಲ. ಮಲಗುವ ಕೋಣೆಯಲ್ಲೂ ಓಡಾಡುವ ದಾರಿಯಲ್ಲೂ ಹೊಗೆ ಎಚ್ಚರಿಕೆ ಯಂತ್ರ ಕಡ್ಡಾಯ, ಹಾಗಾಗಿ ಒಂದೇ ಕೋಣೆಯ ಮನೆಯಲ್ಲಿ ಒಗ್ಗರಣೆಗೆ ಅದು ಕಿರುಚಿಕೊಳ್ಳುತ್ತದೆ. ಕಿಟಕಿ ತೆರೆದ ಮೇಲೇ ಎಣ್ಣೆ ಕಾಯಿಸಿ, ಮೆಣಸಿನಕಾಯಿಯನ್ನು ಸಾಸಿವೆ ಸಿಡಿದ ಮೇಲೆ ಒಲೆ ಆರಿಸಿ ಹಾಕಿ. ಹೊಗೆಗಿಂತಲೂ ದೊಡ್ಡ ವೈರಿ ಹಬೆ. ಕುಕ್ಕರಿನ ಹಬೆ, ಒಳಗೆ ಒಣಗಿಸಿದ ಬಟ್ಟೆಯ ತೇವ ಚಳಿಗಾಲದಲ್ಲಿ ತಣ್ಣಗಿನ ಹೊರಗೋಡೆಯ ಮೇಲೆ ನೀರಾಗಿ ಇಳಿದು ಕಪ್ಪು ಬೂಷ್ಟು ಹಿಡಿಯುತ್ತದೆ, ಮನೆ ಬಿಡುವಾಗ ಠೇವಣಿಗೆ ಕತ್ತರಿ ಬೀಳುತ್ತದೆ. ಕಿಟಕಿಯನ್ನು ದಿನವಿಡೀ ಓರೆ ಮಾಡಿಟ್ಟರೆ ಗೋಡೆ ಇನ್ನಷ್ಟು ತಣ್ಣಗಾಗುತ್ತದೆಯೇ ಹೊರತು ತೇವ ಹೋಗದು. ದಿನಕ್ಕೆ ಎರಡು ಮೂರು ಸಲ ಹೀಟರ್ ಕಡಿಮೆ ಮಾಡಿ, ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿಯಾಡಿಸಿ ಮುಚ್ಚಬೇಕು. ಕಪಾಟನ್ನು ಹೊರಗೋಡೆಗೆ ಒತ್ತಿ ಇಡದೆ ನಾಲ್ಕು ಬೆರಳಷ್ಟು ಜಾಗ ಬಿಡಿ.

ಈಗ ಪತ್ರದ ತಿರುಳಿಗೆ ಬರುತ್ತೇನೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತಾರೆ ನಮ್ಮಲ್ಲಿ. ಇಲ್ಲಿ ಎಲ್ಲರಿಗೂ ಮನೆಯೊಳಗೇ ನಲ್ಲಿ. ಬರಬೇಕಾದ ಬಾವಿಕಟ್ಟೆ ಯಾವುದೆಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಆ ಬಾವಿಕಟ್ಟೆಯ ಹೆಸರು ಫೆರೈನ್. ಏಳು ಜನ ಸೇರಿ ನೋಂದಾಯಿಸಬಹುದಾದ ಸಂಘ ಅದು. ದೇಶದಲ್ಲಿ ಆರು ಲಕ್ಷ ಇದ್ದೇ ಇವೆ. ಟೇಬಲ್ ಟೆನಿಸ್, ಹಾಡು, ಚದುರಂಗ, ಜೇನು ಸಾಕಣೆ, ಬೆಟ್ಟ ಹತ್ತುವುದು, ತೋಟ, ನಾಟಕ, ಸ್ವಯಂಸೇವಕ ಅಗ್ನಿಶಾಮಕ ದಳ ಹೀಗೆ ಸಣ್ಣ ಊರಲ್ಲೂ ಹತ್ತಿಪ್ಪತ್ತು ಸಿಗುತ್ತವೆ. ಜರ್ಮನ್ನರು ಅಪರಿಚಿತರೊಂದಿಗೆ ಬಸ್ಸಿನಲ್ಲೋ ಅಂಗಡಿಯಲ್ಲೋ ಮಾತಿಗಿಳಿದು ಸ್ನೇಹ ಬೆಳೆಸುವವರಲ್ಲ. ವಾರವಾರವೂ ಅದೇ ದಿನ, ಅದೇ ಹೊತ್ತು, ಅದೇ ಜಾಗದಲ್ಲಿ ಕಾಣುವ ಮುಖ ಅವರಿಗೆ ಮೊದಲು ಗುರುತಾಗುತ್ತದೆ, ನಂತರ ಹತ್ತಿರವಾಗುತ್ತದೆ. ಆದ್ದರಿಂದ ಒಂದು ಸಲದ 'ಇಂಟರ್‌ನ್ಯಾಷನಲ್ ಮೀಟಪ್' ಹತ್ತು ಮಾಡಿದರೂ ಸಿಗದ ಗೆಳೆತನ, ಹತ್ತು ಮಂಗಳವಾರ ಒಂದೇ ಜಿಮ್ನಾಸ್ಟಿಕ್ ಹಾಲಿಗೆ ಹೋದರೆ ಸಿಗುತ್ತದೆ.

ಹುಡುಕುವುದು ಹೀಗೆ. ನಗರಸಭೆಯ ಜಾಲತಾಣದಲ್ಲಿ ಊರಿನ ಫೆರೈನ್‌ಗಳ ಪಟ್ಟಿ ಇರುತ್ತದೆ. ಮನೆಯಿಂದ ಸೈಕಲ್ಲಿನಲ್ಲಿ ಕಾಲು ಗಂಟೆಯೊಳಗೆ ತಲುಪುವಂಥದ್ದನ್ನೇ ಆರಿಸಿ. ದೂರದ್ದಾದರೆ ನವೆಂಬರ್ ಮಳೆಗೆ ತಪ್ಪಿಸುತ್ತೀರಿ. 'ಹೊಸದಾಗಿ ಬಂದಿದ್ದೇನೆ, ಜರ್ಮನ್ ಕಲಿಯುತ್ತಿದ್ದೇನೆ, ಒಮ್ಮೆ ಬಂದು ಆಡಿ ನೋಡಬಹುದೇ' ಎಂದು ಮೂರು ಸಾಲಿನ ಮಿಂಚಂಚೆ ಸಾಕು. ಸಾಮಾನ್ಯವಾಗಿ ಎರಡು ಮೂರು ಸಲ ಪುಕ್ಕಟೆಯಾಗಿ ಬಂದು ನೋಡಲು ಬಿಡುತ್ತಾರೆ. ಶುಲ್ಕ ತಿಂಗಳಿಗೆ 10ರಿಂದ 20 ಯೂರೊ ಸುಮಾರು, ಟೆನಿಸ್‌ನಂಥವಕ್ಕೆ ಜಾಸ್ತಿ. ಬಿಡುವುದು ಮಾತ್ರ ಸೇರಿದಷ್ಟು ಸುಲಭವಲ್ಲ: ಬಹಳ ಕಡೆ ಅರ್ಧವರ್ಷ ಅಥವಾ ವರ್ಷದ ಕೊನೆಗಷ್ಟೇ, ಅದೂ ಕೆಲವು ವಾರ ಮುಂಚಿತವಾಗಿ ಬರೆದುಕೊಟ್ಟರೆ ಸದಸ್ಯತ್ವ ನಿಲ್ಲುತ್ತದೆ. ಸಹಿ ಹಾಕುವ ಮೊದಲು ಆ ಒಂದು ಕಲಮನ್ನು ಓದಿಕೊಳ್ಳಿ. ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಕ್ರೀಡಾ ತರಗತಿಗಳು ಇನ್ನೂ ಅಗ್ಗ, ಆದರೆ ಸೆಮಿಸ್ಟರ್ ಶುರುವಿನಲ್ಲಿ ನೋಂದಣಿ ತೆರೆದ ಕೆಲವೇ ನಿಮಿಷಗಳಲ್ಲಿ ತುಂಬಿಹೋಗುತ್ತವೆ.

ಯಾವುದನ್ನು ಆರಿಸಬೇಕು? ಕ್ರಿಕೆಟ್ ಬೇಡವೆನ್ನುವುದಿಲ್ಲ, ಮನಸ್ಸು ಹಗುರವಾಗುತ್ತದೆ. ಆದರೆ ಇಲ್ಲಿನ ಕ್ರಿಕೆಟ್ ತಂಡಗಳಲ್ಲಿ ಸಿಗುವವರು ಬಹುಪಾಲು ಭಾರತ, ಪಾಕಿಸ್ತಾನ, ಅಫ್ಘಾನಿಸ್ತಾನದವರೇ. ಜಿಮ್ ಸೇರಿದರೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡ ನಲವತ್ತು ಜನ ಸಿಗುತ್ತಾರೆ. ಮಾತು ಕಡಿಮೆ ಬೇಕಾಗುವ, ಜೋಡಿಯಾಗಿಯೋ ಗುಂಪಾಗಿಯೋ ಮಾಡುವ ಚಟುವಟಿಕೆ ಮೊದಲ ವರ್ಷಕ್ಕೆ ಒಳ್ಳೆಯದು. ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ವಾಲಿಬಾಲ್ ಬಲ್ಲವರಿಗೆ ಅದು ನೇರ ದಾರಿ. ಹಾಡುಗಾರರಿಗೆ ಗಾಯನವೃಂದ, ಪದ ಮುದ್ರಿತವಾಗಿರುವುದರಿಂದ ಉಚ್ಚಾರವೂ ತಿದ್ದುತ್ತದೆ. ನಡೆಯುವ ಹುಚ್ಚಿರುವವರಿಗೆ ಜರ್ಮನ್ ಆಲ್ಪೈನ್ ಕ್ಲಬ್ಬಿನ ಊರ ಶಾಖೆಗಳ ಭಾನುವಾರದ ನಡಿಗೆಗಳಿವೆ, ಆರು ತಾಸು ಜೊತೆಗೆ ನಡೆದರೆ ಮಾತು ತಾನಾಗಿ ಹುಟ್ಟುತ್ತದೆ.

ನಮ್ಮವರು ಎಡವುವುದು ಆಟ ಮುಗಿದ ಮೇಲೆ. ಒಂಬತ್ತಕ್ಕೆ ಚೀಲ ಹೆಗಲಿಗೇರಿಸಿ ಮನೆಗೆ ಓಡುತ್ತಾರೆ. ನಿಜವಾದ ಪರಿಚಯ ಶುರುವಾಗುವುದು ಅದರ ನಂತರದ ಮುಕ್ಕಾಲು ಗಂಟೆಯಲ್ಲಿ, ಕ್ಲಬ್ಬಿನ ಕೋಣೆಯಲ್ಲೋ ಹತ್ತಿರದ ಹೋಟೆಲಿನಲ್ಲೋ ಕೂತಾಗ. ಬಿಯರ್ ಕುಡಿಯಲೇಬೇಕೆಂಬ ಒತ್ತಾಯ ಯಾರೂ ಮಾಡುವುದಿಲ್ಲ. ಆಪ್ಫೆಲ್‌ಶೋರ್ಲೆ, ಅಂದರೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು, ಹಿಡಿದು ಕೂತರೆ ಯಾರೂ ಹುಬ್ಬೇರಿಸರು. ಬಿಲ್ ಅವರವರದ್ದು ಅವರವರಿಗೆ. 'ನಾನೇ ಕೊಡ್ತೀನಿ' ಎಂದು ಎಲ್ಲರ ದುಡ್ಡು ಕೊಡಲು ಹೊರಟರೆ ಉಪಕಾರದ ಭಾರ ಹೊರಿಸಿದಂತಾಗಿ ಅವರಿಗೆ ಮುಜುಗರ. ಬೇಸಿಗೆ ಹಬ್ಬಕ್ಕೆ ಬೆಂಚು ಜೋಡಿಸಲು, ಕೇಕ್ ಮಾರುವ ಮೇಜಿನಲ್ಲಿ ಎರಡು ಗಂಟೆ ನಿಲ್ಲಲು ಹೆಸರು ಬರೆಸುವ ಹಾಳೆ ಬಂದಾಗ ನಿಮ್ಮ ಹೆಸರನ್ನೂ ಬರೆಯಿರಿ. ಆರು ತಿಂಗಳ ಆಟಕ್ಕಿಂತ ಆ ಎರಡು ಗಂಟೆ ಹೆಚ್ಚು ಹತ್ತಿರ ತರುತ್ತದೆ. ಇಷ್ಟೆಲ್ಲ ಮಾಡಿದರೂ ಮನೆಗೆ ಕರೆಯುವಷ್ಟು ಸಲಿಗೆಗೆ ಬಹಳ ಸಲ ಒಂದು ವರ್ಷ ಹಿಡಿಯುತ್ತದೆ. ಹೀಗೆ ನಿಧಾನವಾಗಿ ಸಿಕ್ಕವರು ಬೇಗ ಬಿಟ್ಟುಹೋಗುವುದಿಲ್ಲ ಎಂಬುದನ್ನೂ ಹೇಳಬೇಕು.

ಭಾಷೆಗೆ ಬಂದರೆ, ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಮೊದಲೆರಡು ಹಂತಗಳಾದ ಎ1, ಎ2 ಮುಗಿಸಿ ಬಂದವರು ಇಲ್ಲಿಗೆ ಬಂದು ನಿಲ್ಲಿಸಿಬಿಡುತ್ತಾರೆ, ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ ಎಂದು. ಕಚೇರಿಯ ಸಭೆ ಇಂಗ್ಲಿಷಿನಲ್ಲಿ ನಡೆದರೂ ಊಟದ ಮೇಜಿನ ನಗು ಜರ್ಮನ್‌ನಲ್ಲೇ ಇರುತ್ತದೆ. ನಗರಗಳು ನಡೆಸುವ ವಯಸ್ಕರ ಶಿಕ್ಷಣ ಕೇಂದ್ರಗಳಾದ ಫೋಲ್ಕ್ಸ್‌ಹೋಖ್‌ಶೂಲೆಗಳ ಸಂಜೆ ತರಗತಿ ಖಾಸಗಿ ಶಾಲೆಗಳಿಗಿಂತ ಅಗ್ಗ. ಲಾಭ ಲೆಕ್ಕ ಹಾಕುವವರಿಗೆ ಇದನ್ನೂ ಹೇಳಬಹುದು: ಬ್ಲೂ ಕಾರ್ಡ್ ಇರುವವರಿಗೆ ಎ1 ಇದ್ದರೆ 27 ತಿಂಗಳಿಗೆ, ಮೂರನೇ ಹಂತವಾದ ಬಿ1 ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಅರ್ಹತೆ ಬರುತ್ತದೆ. ನೀವು ತಡವರಿಸಿದ ಕೂಡಲೇ ಎದುರಿನವರು ಇಂಗ್ಲಿಷಿಗೆ ಹೊರಳುತ್ತಾರೆ, ಅದು ಸೌಜನ್ಯ. 'ದಯವಿಟ್ಟು ಜರ್ಮನ್‌ನಲ್ಲೇ, ನಿಧಾನವಾಗಿ' ಎಂದು ಜರ್ಮನ್‌ನಲ್ಲೇ ಕೇಳಿಕೊಂಡರೆ ಸಂತೋಷದಿಂದ ವಾಪಸ್ ಬರುತ್ತಾರೆ. ಪರಸ್ಪರ ಭಾಷೆ ಕಲಿಸಿಕೊಳ್ಳುವ ಜೋಡಿ ಸಿಕ್ಕರೆ ಗಡಿಯಾರ ನೋಡಿ ಅರ್ಧ ಗಂಟೆ ಜರ್ಮನ್, ಅರ್ಧ ಗಂಟೆ ಇಂಗ್ಲಿಷ್ ಎಂದು ಕಟ್ಟುನಿಟ್ಟು ಮಾಡಿಕೊಳ್ಳಿ. ಇಲ್ಲವಾದರೆ ಸಲೀಸಾದ ಭಾಷೆಯೇ ಗೆಲ್ಲುತ್ತದೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೊಗ್ಲಿಂಗ್ ಈ ಸೀಮೆಯ ಬ್ರಾಕೆನ್‌ಹೈಮ್‌ನವರು, ತೀರಿಕೊಂಡದ್ದು 1881ರಲ್ಲಿ ಈ ಪತ್ರ ಹೊರಟಿರುವ ಎಸ್ಲಿಂಗೆನ್‌ನಲ್ಲೇ. ಅವರು ಕಲಿತ ಕನ್ನಡವನ್ನು ನೆನೆದರೆ ಬಿ1 ಅಷ್ಟೇನೂ ಭಾರವೆನಿಸದು.

ಕರೆಯುವ, ಹೋಗುವ ರೀತಿ. ಸಂಬೋಧನೆಯಲ್ಲಿ 'ಝೀ' ನಮ್ಮ 'ತಾವು' ಇದ್ದ ಹಾಗೆ. 'ಡು' ಎನ್ನುವ ಸಲಿಗೆಗೆ ಹಿರಿಯರೋ ಮೇಲಿನವರೋ ಮೊದಲು ಒಪ್ಪಿಗೆ ಕೊಡಬೇಕು. ಫೆರೈನ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಮೊದಲ ದಿನದಿಂದಲೇ ಡು. ಯಾರಾದರೂ 'ಒಮ್ಮೆ ಕಾಫಿಗೆ ಸೇರೋಣ' ಎಂದರೆ ತಲೆಯಾಡಿಸಿ ಬಿಡಬೇಡಿ, ಫೋನ್ ತೆಗೆದು ಎರಡು ತಾರೀಖು ಹೇಳಿ. ಎರಡು ಮೂರು ವಾರದ ನಂತರದ ದಿನ ಸಿಕ್ಕರೂ ಅದು ತಳ್ಳಿಹಾಕಿದ್ದಲ್ಲ, ಅವರ ದಿನಚರಿಯಲ್ಲಿ ನಿಮಗೆ ಜಾಗ ಸಿಕ್ಕಿತೆಂದು ಅರ್ಥ. ಹಾಗೆಯೇ 'ಈ ಕಡೆ ಬಂದಿದ್ದೆ, ಹಾಗೇ ಬಂದೆ' ಎಂದು ಮನೆಗೆ ಹೋಗುವುದು ಬೇಡ. ನೀವು ಕರೆಯುವುದಾದರೆ ರಾತ್ರಿ ಒಂಬತ್ತರ ಭೂರಿ ಭೋಜನಕ್ಕಿಂತ ಭಾನುವಾರ ಮೂರೂವರೆಯ ಕಾಫಿ ಮತ್ತು ತಿಂಡಿ ಸುಲಭ. ಅಂದು ಅಂಗಡಿ ಮುಚ್ಚಿರುವುದರಿಂದ ಸಾಮಾನು ಶನಿವಾರವೇ ಬರಬೇಕು. ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮುಂಚೆಯೂ ಹೇಳಬಾರದು, ಅಪಶಕುನವೆನ್ನುತ್ತಾರೆ. ಕಚೇರಿಯಲ್ಲಿ ಕೇಕ್ ತರಬೇಕಾದವರು ಹುಟ್ಟುಹಬ್ಬದವರೇ. ಕೇಕ್ ಬದಲು ಕೇಸರಿಬಾತ್ ತಂದರೆ ಗೋಡಂಬಿ ಇದೆ ಎಂದು ಚೀಟಿ ಬರೆದಿಡಿ, ಅಲರ್ಜಿ ಇರುವವರು ಇದ್ದಾರು.

ಬೇಸಿಗೆಯ ಗ್ರಿಲ್ ಕೂಟಕ್ಕೆ ಪ್ರತಿಯೊಬ್ಬರೂ ಏನಾದರೂ ತರುತ್ತಾರೆ, ಹೆಚ್ಚಾಗಿ ಸಲಾಡ್. ಹೆಸರುಬೇಳೆ ಕೋಸಂಬರಿಗೆ ಇದಕ್ಕಿಂತ ಒಳ್ಳೆಯ ವೇದಿಕೆ ಬೇರೆಯಿಲ್ಲ. ಹತ್ತು ಜನರಿಗೆ 250 ಗ್ರಾಂ ಬೇಳೆಯನ್ನು ಎರಡು ತಾಸು ನೆನೆಸಿ ಪೂರ್ತಿ ಬಸಿದು, ಎರಡು ಉದ್ದನೆಯ ಸೌತೆಕಾಯಿ, ಒಂದು ಕ್ಯಾರೆಟ್, ನಿಂಬೆರಸ, ಸಾಸಿವೆ-ಇಂಗಿನ ಒಗ್ಗರಣೆ. ಉಪ್ಪನ್ನು ಅಲ್ಲಿಗೆ ಹೋದ ಮೇಲೆ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಡಬ್ಬಿಯ ತುಂಬ ರಸವಾಗುತ್ತದೆ. ಹಸಿಮೆಣಸಿನಕಾಯಿ ಬೇರೆ ಬಟ್ಟಲಲ್ಲಿರಲಿ. ಮಾಂಸಾಹಾರವಿಲ್ಲದ್ದು ಹುಡುಕುವವರು ಅಲ್ಲೂ ಇರುತ್ತಾರೆ. ಮೊದಲು ಖಾಲಿಯಾಗುವ ಡಬ್ಬಿ ಅದೇ ಆದರೆ ಆಶ್ಚರ್ಯವಿಲ್ಲ.

ಊರಿನಲ್ಲಿರುವ ತಂದೆತಾಯಿಯರಿಗೆ ಒಂದು ಮನವಿ, ತಪ್ಪು ತಿಳಿಯಬಾರದು. ಬೇಸಿಗೆಯಲ್ಲಿ ನಾವು ನಿಮಗಿಂತ ಮೂರೂವರೆ ಗಂಟೆ ಹಿಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದೆ. ಮಗ ಕೆಲಸದಿಂದ ಮನೆಗೆ ಬರುವ ಆರೂವರೆ ಎಂದರೆ ನಿಮಗೆ ರಾತ್ರಿ ಹತ್ತೋ ಹನ್ನೊಂದೋ. ನೀವು ಮಲಗುವ ಮುಂಚೆ ಮಾತಾಡಿಬಿಡಬೇಕೆಂದು ಪ್ರತಿದಿನ ಆ ಹೊತ್ತಿಗೆ ವಿಡಿಯೊ ಕಾಲ್ ಇಟ್ಟುಕೊಂಡರೆ, ಇಲ್ಲಿನ ಜನ ಆಟಕ್ಕೆ, ಹಾಡಿಗೆ, ತರಗತಿಗೆ ಸೇರುವ ಆರರಿಂದ ಒಂಬತ್ತರ ಹೊತ್ತು ಪೂರ್ತಿ ಕರಗಿಹೋಗುತ್ತದೆ. ಬೆಳಿಗ್ಗೆ ಏಳೂವರೆಗೆ, ಅಂದರೆ ನಿಮ್ಮ ಹನ್ನೊಂದು ಅಥವಾ ಹನ್ನೆರಡಕ್ಕೆ, ಹತ್ತು ನಿಮಿಷ ಮಾತಾಡಿ. ಉದ್ದನೆಯ ಮಾತಿಗೆ ಶನಿವಾರ, ಭಾನುವಾರವಿದೆ. ಸಂಜೆ ಫೋನ್ ಎತ್ತಲಿಲ್ಲವೆಂದರೆ ಮಕ್ಕಳು ದೂರವಾದರೆಂದು ಕಣ್ಣೀರಿಡಬೇಡಿ.

ಹೆಚ್ಚು ಒಂಟಿಯಾಗುವವರು ಸಂಗಾತಿಯಾಗಿ ಬಂದವರು, ಬಹುಪಾಲು ಹೆಣ್ಣುಮಕ್ಕಳು. ಬ್ಲೂ ಕಾರ್ಡ್ ಇದ್ದವರ ಸಂಗಾತಿಗೆ ವೀಸಾಕ್ಕೆ ಎ1 ಬೇಕಿಲ್ಲ. ಆ ರಿಯಾಯಿತಿಯೇ ಶಾಪವಾಗಿ ಒಂದಕ್ಷರ ಭಾಷೆಯಿಲ್ಲದೆ ಬಂದಿಳಿಯುತ್ತಾರೆ. ಕೆಲಸ ಮಾಡುವ ಹಕ್ಕು ಮೊದಲ ದಿನದಿಂದ ಇದ್ದರೂ ಉಪಯೋಗಕ್ಕೆ ಬರುವುದಿಲ್ಲ. ಟಿಕೆಟ್ ತೆಗೆಸುವ ಮೊದಲೇ ಎ1 ಮುಗಿಸಿ ಬರುವುದು ವಾಸಿ. ಇಲ್ಲಿನ ಸರ್ಕಾರಿ ಇಂಟಿಗ್ರೇಷನ್ ಕೋರ್ಸಿನಲ್ಲಿ 600 ಪಾಠ ಭಾಷೆಗೆ, 100 ಪಾಠ ದೇಶದ ಕಾನೂನು, ಇತಿಹಾಸಕ್ಕೆ. ಜಾಗ ಸಿಕ್ಕರೆ ಬೆಳಗಿನ ತರಗತಿ ಹಿಡಿಯಿರಿ, ಸಿರಿಯಾ, ಉಕ್ರೇನ್, ಬ್ರೆಜಿಲ್ ಹೀಗೆ ನಾನಾ ಕಡೆಯಿಂದ ಬಂದು ಇದೇ ಪಾಡುಪಡುತ್ತಿರುವವರು ಸಿಗುತ್ತಾರೆ. ಮಗುವಿದ್ದರೆ ಶಿಶುವಿಹಾರದ ಮೊದಲ ಎರಡರಿಂದ ನಾಲ್ಕು ವಾರ ತಾಯಿಯೋ ತಂದೆಯೋ ಜೊತೆಗಿದ್ದು ಮಗುವನ್ನು ಹೊಂದಿಸಬೇಕು. ಹೊರಗಿನ ಕೋಣೆಯಲ್ಲಿ ಕಾಯುತ್ತ ಕೂರುವ ಇತರ ಪೋಷಕರ ಫೋನ್ ನಂಬರ್ ತೆಗೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ ಎಷ್ಟು ವರ್ಷವೋ ಅಷ್ಟೇ ಅತಿಥಿಗಳು ಎಂಬ ರೂಢಿ ಇದೆ, ಇಡೀ ತರಗತಿಯನ್ನು ಕರೆಯಲಿಲ್ಲವೆಂದು ನೊಂದುಕೊಳ್ಳಬೇಡಿ. ಸಸ್ಯಾಹಾರಿಗಳು ಒಂದು ವಿಷಯ ಮೊದಲೇ ಹೇಳಿಡಬೇಕು: ಅಲ್ಲಿ ಹಂಚುವ ಗಮ್ಮಿ ಕರಡಿಗಳಲ್ಲಿ, ಅಂದರೆ ಕರಡಿ ಆಕಾರದ ಮೆತ್ತನೆಯ ಮಿಠಾಯಿಗಳಲ್ಲಿ, ಸಾಮಾನ್ಯವಾಗಿ ಹಂದಿಯ ಜೆಲಟಿನ್ ಇರುತ್ತದೆ.

ಅಕ್ಟೋಬರಿನ ಸೆಮಿಸ್ಟರ್‌ಗೆ ಬರುವವರಿಗೆ ಮೊದಲು ಸಿಗುವುದೇ ಕತ್ತಲೆ. ಡಿಸೆಂಬರಿನಲ್ಲಿ ಬೆಳಗಾಗುವುದು ಎಂಟರ ಮೇಲೆ, ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ಆಗ ಬರುವ ಮಂಕು ಸೋಮಾರಿತನವಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡವಿದ್ದರೂ ಸರಿ. ವಾರಗಟ್ಟಲೆ ನಿದ್ದೆ ಬಾರದೆ, ತರಗತಿಗೆ ಹೋಗಲಾಗದೆ ಕೂತರೆ ವಿದ್ಯಾರ್ಥಿ ಸೇವಾ ಸಂಸ್ಥೆಗಳ ಆಪ್ತ ಸಮಾಲೋಚನೆ ಇದೆ. ಟೆಲಿಫೋನ್‌ಝೇಲ್‌ಝೋರ್ಗೆಯ (ಸಂಕಟದಲ್ಲಿರುವವರ ಮಾತು ಕೇಳುವ ಸಹಾಯವಾಣಿ) 0800 1110111 ಸಂಖ್ಯೆ ಹಗಲಿರುಳೂ ಉಚಿತ, ಮಾತು ಮುಖ್ಯವಾಗಿ ಜರ್ಮನ್‌ನಲ್ಲಿ. ಜೀವಕ್ಕೆ ಅಪಾಯವೆನಿಸಿದರೆ ತುರ್ತು ಸಂಖ್ಯೆ 112.

ಕೊನೆಯದಾಗಿ ನಮ್ಮ ಕನ್ನಡ ಸಂಘಗಳಿಗೆ. ಯುಗಾದಿ, ರಾಜ್ಯೋತ್ಸವಗಳಲ್ಲಿ ಹೋಳಿಗೆ ಊಟ, ಹಾಡು, ಮಕ್ಕಳ ನೃತ್ಯ ಚೆನ್ನಾಗಿಯೇ ನಡೆಯುತ್ತವೆ, ಅವು ಬೇಕು. ಆದರೆ ಹೊಸಬರು ಮೂಲೆಯಲ್ಲಿ ತಟ್ಟೆ ಹಿಡಿದು ನಿಂತು ವಾಪಸ್ ಹೋಗುವುದೂ ನಡೆಯುತ್ತದೆ. ಪ್ರವೇಶದ ಬಳಿ ಒಂದು ಮೇಜು ಹಾಕಿ, ಆ ವರ್ಷ ಬಂದವರ ಹೆಸರು, ಅವರಿರುವ ಬಡಾವಣೆ, ಬಲ್ಲ ಆಟ ಅಥವಾ ಹವ್ಯಾಸ ಬರೆದುಕೊಂಡು, ಅದೇ ಬಡಾವಣೆಯಲ್ಲಿ ಆಗಲೇ ಯಾವುದಾದರೂ ಫೆರೈನ್‌ಗೆ ಹೋಗುತ್ತಿರುವ ಕನ್ನಡಿಗರೊಬ್ಬರ ಜೊತೆ ಮೊದಲ ಸಲ ಕಳಿಸಿಕೊಟ್ಟರೆ ಸಾಕು. ಒಬ್ಬರೇ ಹೋಗಲು ಅಂಜುವವರು ಜೊತೆಯಿದ್ದರೆ ಹೋಗುತ್ತಾರೆ.

ಚಳಿಗಾಲದ ಸೆಮಿಸ್ಟರ್‌ಗೆ ಬರುವವರು ಆಗಸ್ಟಿನಲ್ಲಿ ಗಂಟುಮೂಟೆ ಕಟ್ಟುತ್ತಾರೆ. ನಿಮ್ಮ ಶಿಕ್ಷಣ ಪುರವಣಿಯಲ್ಲಿ ಇಂಥ ವಿಷಯಗಳಿಗೆ ಜಾಗ ಮಾಡಿಕೊಡುವುದಾದರೆ ಜುಲೈ ಒಳಗೆ ಮಾಡಿಕೊಡಿ ಎಂದು ವಿನಂತಿ.

ಇತಿ ನಿಮ್ಮ ಓದುಗರಲ್ಲೊಬ್ಬರು,
ಎಸ್ಲಿಂಗೆನ್, ಜರ್ಮನಿ